ಎರಡನೇ ಗಂಟು

ನಮ್ಮೂರಿನ ಹೆಸರುಗಳು ಗೋಡೆ ದಾಟುವುದಿಲ್ಲ. ಊರಬಾಗಿಲಿನ ಹೊಸ್ತಿಲ ತನಕ ನಾನು ಸೇವಂತಿ. ಒಂದು ಹೆಜ್ಜೆ ಆಚೆ ಇಟ್ಟರೆ ಏನೂ ಅಲ್ಲ. ಆಚೆಯವರ ಕಣ್ಣಿಗೆ ಕಾಣುವುದಿಲ್ಲ, ಕೂಗಿದರೆ ಕಿವಿಗೆ ಬೀಳುವುದಿಲ್ಲ, ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುವುದಿಲ್ಲ, ಫೋನು ಮಾಡಿದರೆ ಆ ಕಡೆ ಬರೀ ಗಾಳಿ ಕೇಳುತ್ತದೆಯಂತೆ. ಅದಕ್ಕೇ ಹೊರಗೆ ಹೋಗುವವರು ಬಾಗಿಲ ಮನೆಗೆ ಬಂದು ಒಂದು ಹೊರಹೆಸರನ್ನು ಎರವಲು ತೊಟ್ಟುಕೊಂಡು ಹೋಗುತ್ತಾರೆ, ತಿರುಗಿ ಬಂದ ಮೇಲೆ ಇಳಿಸುತ್ತಾರೆ. ಊರಿನಲ್ಲಿ ಎರಡು ಸಾವಿರದ ಚಿಲ್ಲರೆ ಜನ. ಹೊರಹೆಸರುಗಳು ಮೂವತ್ತೆರಡು. ಮಣಿ, ಜಯ, ರತ್ನ, ಕಿರಣ, ಕಮಲ, ಶಶಿ ಹೀಗೆ, ಗಂಡಿಗೂ ಹೆಣ್ಣಿಗೂ ಒಗ್ಗುವಂಥವನ್ನೇ ಹಿಂದಿನವರು ಆರಿಸಿ ತಂದಿದ್ದಾರೆ. ಇವತ್ತು ಮಣಿಯಾಗಿ ಹೋಗಿ ಕೊತ್ತಂಬರಿ ಮಾರಿ ಬಂದವನು ನಾಳೆ ಜಯ ಆಗಿ ಹೋಗಿ ಹಲ್ಲು ಕೀಳಿಸಿಕೊಂಡು ಬರುತ್ತಾನೆ. ಆಚೆಯಿಂದ ಯಾರಾದರೂ ಮಣಿಗೆ ಫೋನು ಮಾಡಿದರೆ, ಆ ಹೊತ್ತಿಗೆ ಮಣಿಯನ್ನು ತೊಟ್ಟವರು ಯಾರೋ ಅವರ ಫೋನು ಬಡಿದುಕೊಳ್ಳುತ್ತದೆ. ತಮ್ಮದಲ್ಲದ ಕರೆ ಬಂದರೆ "ಅವರು ಹೆಸರು ಇಳಿಸಿದಾರೆ" ಎಂದು ಹೇಳಿ ಇಟ್ಟುಬಿಡುವುದು ರೂಢಿ. ಅಮ್ಮ, ಅಪ್ಪ ಆದ ಮೇಲೆ ನಮ್ಮೂರ ಮಕ್ಕಳು ಕಲಿಯುವ ಮೂರನೇ ಮಾತು ಅದೇ.

ಬಾಗಿಲ ಮನೆಯ ಕೆಲಸ ನನ್ನದು. ನನಗಿಂತ ಮೊದಲು ನಮ್ಮಜ್ಜಿಯದಾಗಿತ್ತು. ಅಜ್ಜಿಯ ಕಾಲದಲ್ಲಿ ಅಲ್ಲೊಂದು ಹಲಸಿನ ಹಲಗೆ ಇತ್ತು. ಎಡಗಡೆ ಒಳಹೆಸರುಗಳ ಗೂಟ, ಬಲಗಡೆ ಹೊರಹೆಸರುಗಳ ಗೂಟ. ಎರವಲು ಒಯ್ಯುವವರಿಗೆ ಈ ಗೂಟದಿಂದ ಆ ಗೂಟಕ್ಕೆ ಬಿಳಿ ನೂಲಿನ ಕುಣಿಕೆ ಹಾಕುತ್ತಿದ್ದಳು. ಕೆಲವರನ್ನು ಮಾತ್ರ ಆಚೆಯವರು ಯಾವ ಹೊತ್ತಿನಲ್ಲಾದರೂ ಹುಡುಕಿಕೊಂಡು ಬರಬೇಕಾಗುತ್ತದೆ, ಸೂಲಗಿತ್ತಿ, ಮೂಳೆ ಕಟ್ಟುವವನು, ಅಂಥವರನ್ನು. ಅವರಿಗೆ ಒಂದು ಹೊರಹೆಸರನ್ನು ಕಾಯಂ ಆಗಿ ಕೊಟ್ಟುಬಿಡುತ್ತಿದ್ದಳು. ಅದಕ್ಕೆ ಅರಿಸಿನದ ದಾರ, ಎರಡು ಗಂಟು. ಎರಡನೇ ಗಂಟನ್ನು ಎಳೆಯುವ ಮೊದಲು ಬೆರಳನ್ನು ನಾಲಿಗೆಗೆ ಮುಟ್ಟಿಸಿ ದಾರವನ್ನು ಒದ್ದೆ ಮಾಡುತ್ತಿದ್ದಳು. "ಮೊದಲನೇ ಗಂಟು ಕೈಯಿಂದು ಕಣೆ, ಎರಡನೇದು ಬಾಯಿಂದು" ಅನ್ನುತ್ತಿದ್ದಳು. ಅಮಾವಾಸ್ಯೆಯ ಮಧ್ಯಾಹ್ನ ಎಲ್ಲರನ್ನೂ ಒಳಗೆ ಕರೆಸಿಕೊಂಡು ಬಾಗಿಲು ಹಾಕಿ, ಹಲಗೆಯನ್ನು ಇಳಿಸಿ ತುಂಬೆ ಹೂವಿನ ನೀರಿನಲ್ಲಿ ತೊಳೆಯುತ್ತಿದ್ದರು. ತಿಂಗಳೆಲ್ಲ ನೂರು ಮೈ ಸುತ್ತಿದ ಹೆಸರುಗಳಿಗೆ ಒಂದು ಸ್ನಾನ ಬೇಡವೇ. ಕುಣಿಕೆಗಳೆಲ್ಲ ಬಿಚ್ಚಿಹೋಗುತ್ತಿದ್ದವು. ಎರಡು ಗಂಟಿನ ದಾರ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ.

ಈಗ ಹಲಗೆಯ ಜಾಗದಲ್ಲಿ ಒಂದು ಪೆಟ್ಟಿಗೆ ಇದೆ. ಹಸಿರು ದೀಪಗಳು, ಮುಂದೊಂದು ಪರದೆ, ಒತ್ತುವ ಅಕ್ಷರಗಳು. ಹಿಂದುಗಡೆ ಎರಡು ತಂತಿ: ಒಳಗಿನದಕ್ಕೆ ಅರಿಸಿನ ಬಳಿದಿದೆ, ಹೊರಗಿನದಕ್ಕೆ ಇದ್ದಿಲು. ಅದಲು ಬದಲಾದರೆ ಊರೇ ಆಚೆಗೆ ಬಿದ್ದಂತೆ ಎಂದು ದ್ಯಾವಣ್ಣ ಬಳಿದದ್ದು. ದ್ಯಾವಣ್ಣ ಊರಬಾಗಿಲಿನ ಕೀಲಿಕೈ ಇಟ್ಟುಕೊಂಡವರು, ಅಜ್ಜಿಯ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರು. ಎರವಲು ಹೆಸರುಗಳನ್ನು ಪೆಟ್ಟಿಗೆ ತಾನೇ ಹಂಚುತ್ತದೆ, ಚೀಟಿ ಬರುತ್ತದೆ, ನಾನು ಹರಿದು ಕೊಡುತ್ತೇನೆ. ಕಾಯಂ ಹೆಸರನ್ನು ಮಾತ್ರ ನಾನೇ ಕೂತು ಬರೆಯಬೇಕು: ಕಟ್ಟು, ಒಳಗೆ ಇಂಥವರು, ಹೊರಗೆ ಇಂಥದು. ಆಮೇಲೆ ಇನ್ನೊಂದು ಸಾಲು: ಗಂಟು ಹಾಕು. ಈ ಎರಡನೇ ಸಾಲು ಒತ್ತದಿದ್ದರೂ ಹೆಸರು ಕೆಲಸ ಮಾಡುತ್ತದೆ, ಪ್ಲಗ್ಗು ಕಿತ್ತಾಗ ಮಾತ್ರ ಅಳಿಸಿಹೋಗುತ್ತದೆ. ಅದೇ ಪೆಟ್ಟಿಗೆಯ ದೊಡ್ಡ ಕೆಡುಕು. ದಾರದಲ್ಲಾದರೆ ಒಂದು ಗಂಟೋ ಎರಡೋ ಕಣ್ಣಿಗೆ ಕಾಣುತ್ತಿತ್ತು.

ಪುರಿಭಟ್ಟಿಯ ನಿಂಗಾಜಮ್ಮ ಹೋದ ವಾರ ನನ್ನ ಹತ್ತಿರ ಬಂದಳು. ಅವಳ ಭಟ್ಟಿ ನಮ್ಮ ಬಾಗಿಲ ಮನೆಯಿಂದ ಐದನೇ ಮನೆ. ಬೆಳಗಿನಿಂದ ಸಂಜೆಯವರೆಗೆ ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅನ್ನುವುದು ನನಗೆ ಇಲ್ಲಿಗೇ ಕೇಳುತ್ತದೆ. ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಆಚೆಯ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಾಳೆ, ಸಿಕ್ಕಿದ ಹೆಸರು ತೊಟ್ಟುಕೊಂಡು.

"ಆ ನರ್ಸಮ್ಮ ಇವತ್ತು ನನ್ನ ಫೈಲು ಎತ್ತಿ ಮೇಜಿನ ಮೇಲೆ ಕುಕ್ಕಿದಳು ಕಣೆ ಸೇವಂತಿ. ಹನ್ನೊಂದು ಹೆಸರೈತೆ ಇದ್ರಾಗೆ, ನಿನ್ನ ಒಂದು ಹೊಟ್ಟೇಲಿ ಎಷ್ಟು ಜನ ಸಂಸಾರ ಮಾಡ್ತಾ ಇದೀರಿ ಅಂದಳು" ಎಂದು ನಕ್ಕು, ಜಗುಲಿಯ ಮೇಲೆ ಕೂತು ಉಸಿರು ತೆಗೆದುಕೊಂಡಳು. "ಕಿಡ್ನಿ ಕೊಡೋರ ಪಟ್ಟೀಲಿ ಬರೀಬೇಕಾದರೆ ಒಂದೇ ಹೆಸರು ಬೇಕಂತೆ. ಯಾವತ್ತು ಕೂಗಿದರೂ ನಾನೇ ಓ ಅನ್ನೋ ಹೆಸರು. ಕೂಗೋದು ಒಂದೇ ಸಲವಂತೆ. ಎತ್ತಲಿಲ್ಲ ಅಂದರೆ ಮುಂದಿನೋರಿಗೆ."

ನಾನು ಅವಳೆದುರಿಗೇ ಕೂತು ಬರೆದೆ. ಒಳಗೆ ನಿಂಗಾಜಮ್ಮ, ಹೊರಗೆ ಶಶಿ. ಬರೆದು ಮುಗಿಸಿ ನೋಡುವುದರೊಳಗೆ ಅವಳ ಮನೆಯ ಫೋನು ಬಡಿದುಕೊಂಡಿತು. ದ್ಯಾವಣ್ಣ ಒಂದು ಎರವಲು ಹೆಸರು ತೊಟ್ಟು ಹೋಗಿ, ಆಚೆ ಚಹಾದ ಅಂಗಡಿಯಿಂದ ಪರೀಕ್ಷೆಗೆಂದು ಶಶಿಯನ್ನು ಕೂಗಿದ್ದರು. ನಿಂಗಾಜಮ್ಮ ಓಡಿಹೋಗಿ ಎತ್ತಿ, "ಓ, ನಾನೇ ಶಶಿ" ಅಂದಳು. ಬೀದಿಯವರೆಲ್ಲ ನಕ್ಕರು. ತಿರುಗಿ ಬಂದವಳು ಮಡಿಲಿನಲ್ಲಿ ಬಿಸಿ ಪುರಿ ತಂದು ನನ್ನ ಎರಡೂ ಅಂಗೈ ತುಂಬಿಸಿದಳು. ಪುರಿ ತಿನ್ನುತ್ತಾ ನಾನು ಆಚೆಯ ಶಶಿ ಎಂಬವಳು ಹೇಗಿರಬಹುದು, ಅವಳಿಗೂ ಉದ್ದ ಜಡೆ ಇರಬಹುದೇ ಎಂದು ಯೋಚಿಸುತ್ತಾ ಕೂತೆ. ನನ್ನದು ಅದೊಂದು ಹಾಳು ಸ್ವಭಾವ. ಅಜ್ಜಿಯ ಕಥೆಗಳನ್ನು ಕೇಳಿ ಕೇಳಿ ಯಾವ ಕೆಲಸವಾದರೂ ನಡುವೆ ನಿಂತು ಬೇರೆಲ್ಲೋ ಹೋಗಿಬಿಡುತ್ತೇನೆ. ಎರಡೂ ಕೈಯಲ್ಲಿ ಪುರಿ ಇತ್ತು. ಎರಡನೇ ಸಾಲನ್ನು ಒತ್ತಲಿಲ್ಲ. ಒತ್ತಲಿಲ್ಲ ಅನ್ನುವುದು ಆಗ ನನಗೆ ಗೊತ್ತೂ ಆಗಲಿಲ್ಲ.

ನಿನ್ನೆ ಸಂಜೆ ಶಶಿಗೆ ಆಸ್ಪತ್ರೆಯಿಂದ ಕರೆ ಬಂತು. ಒಂದು ಕಿಡ್ನಿ ಸಿಗಬಹುದು, ರಕ್ತ ಹೊಂದುತ್ತದೋ ಇಲ್ಲವೋ ನಾಳೆ ಮಧ್ಯಾಹ್ನದ ಮೇಲೆ ಹೇಳುತ್ತೇವೆ, ಬೆಳಗಿನಿಂದ ಏನೂ ತಿನ್ನಬೇಡಿ, ಫೋನಿನ ಹತ್ತಿರವೇ ಇರಿ. ಈ ನಾಳೆ ಅನ್ನುವುದು ಇವತ್ತು. ಇವತ್ತು ಅಮಾವಾಸ್ಯೆ.

ಹನ್ನೆರಡು ಗಂಟೆಗೆ ಹೊರಗೆ ಹೋದವರೆಲ್ಲ ಬಂದಾಗಿತ್ತು. ದ್ಯಾವಣ್ಣ ಬಾಗಿಲು ಹಾಕಿ, ಪೆಟ್ಟಿಗೆಯ ಪ್ಲಗ್ಗು ಕಿತ್ತು, ತುಂಬೆ ನೀರನ್ನು ಸುತ್ತ ಚಿಮುಕಿಸಿ, ಕಣ್ಣು ಮುಚ್ಚಿ ಗಟ್ಟಿಯಾಗಿ ಒಂದರಿಂದ ನೂರರವರೆಗೆ ಎಣಿಸಿದರು. ಮತ್ತೆ ಪ್ಲಗ್ಗು ಹಾಕಿದರು. ಹಸಿರು ದೀಪಗಳು ಬಂದವು. ಅಮಾವಾಸ್ಯೆ ದಿನ ಆಚೆಯ ಇಳಿಜಾರಿನಲ್ಲಿ ಮಧ್ಯಾಹ್ನದ ಸಂತೆ. ಬಾಗಿಲು ತೆಗೆಯುತ್ತಲೇ ಹೆಸರಿಗೆ ನೂಕುನುಗ್ಗಲು. ನಾನು ಚೀಟಿ ಹರಿದು ಹರಿದು ಕೊಟ್ಟೆ, ಓದಲಿಲ್ಲ. ಕೊನೆಯಲ್ಲಿ ನಿಂತಿದ್ದವರು ಕುಕ್ಕರು ಸ್ಟೌ ರಿಪೇರಿ ಮಾಡುವ ಹಯಾತ್ ಸಾಬರು. "ನಂಗೊಂದು ಉಳಿದಿದೆಯೇನಮ್ಮ ತಂಗಿ?" ಅಂದರು. ಚೀಟಿ ಬಂತು, ಕೊಟ್ಟೆ. ಅವರು ಕುಂಟುತ್ತಾ, ಕೆಂಪು ತೇಪೆಯ ದೊಡ್ಡ ಕೊಡೆಯನ್ನು ಹೆಗಲಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಇಳಿದುಹೋದರು.

ಸಾಲು ಖಾಲಿಯಾದ ಮೇಲೆ ಚೀಟಿಯ ಸುರುಳಿಯ ತುದಿಯನ್ನು ನೋಡಿದೆ. ಇಪ್ಪತ್ತೆಂಟು ಎಂದಿತ್ತು. ಮೂವತ್ತೆರಡರಲ್ಲಿ ಹಳೆಯ ಕಾಯಂ ನಾಲ್ಕು ಹೋದರೆ ಇಪ್ಪತ್ತೆಂಟು ಸರಿ. ಚಹಾದ ಲೋಟ ಎತ್ತಿದೆ. ಬಾಯಿಯ ತನಕ ಒಯ್ದು ಕೈ ಅಲ್ಲೇ ನಿಂತಿತು. ಕಾಯಂ ಈಗ ನಾಲ್ಕಲ್ಲ, ಐದು. ಇಪ್ಪತ್ತೇಳು ಜನಕ್ಕೆ ಹೆಸರು ಮುಗಿಯಬೇಕಿತ್ತು. ಹಯಾತ್ ಸಾಬರಿಗೆ ನಾನು "ಇಲ್ಲ ಸಾಬಣ್ಣ, ಮುಗೀತು" ಅನ್ನಬೇಕಿತ್ತು.

ಪರದೆಯನ್ನು ಮೇಲಿನಿಂದ ಕೆಳಗೆ ನೋಡಿಕೊಂಡು ಬಂದೆ. ಒಳಗೆ ಹಯಾತ್ ಸಾಬ್, ಹೊರಗೆ ಶಶಿ. ನಿಂಗಾಜಮ್ಮನ ಹೆಸರು ಎಲ್ಲಿಯೂ ಇರಲಿಲ್ಲ.

ಮತ್ತೆ ಬರೆದೆ: ಕಟ್ಟು, ಒಳಗೆ ನಿಂಗಾಜಮ್ಮ, ಹೊರಗೆ ಶಶಿ. ಪೆಟ್ಟಿಗೆ ಹೇಳಿತು: ಶಶಿ ಬಳಕೆಯಲ್ಲಿದೆ, ಮೊದಲು ಬಿಡಿಸಿ. ಬಿಡಿಸುವುದಕ್ಕೆ ಒಂದೇ ಸಾಲು ಸಾಕು. ಆದರೆ ಸಾಬರು ಆಚೆ ಇದ್ದರು. ಸಂತೆಯ ದಾರಿ ತುಂಬ ಗಾಡಿ, ಲಾರಿ, ಬಸ್ಸು. ಹೆಸರು ಕಳಚಿದ ಆ ಗಳಿಗೆಯಿಂದ ಆ ಕುಂಟುಗಾಲಿನ ಮನುಷ್ಯ ಯಾವ ಡ್ರೈವರಿನ ಕಣ್ಣಿಗೂ ಕಾಣುವುದಿಲ್ಲ.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಅವಳ ಅಜ್ಜಿಯ ಕಾಲದಲ್ಲಿ ಯಾರಿಗೋ ಅವಸರವೆಂದು ಬಾಗಿಲ ಮನೆಯವಳು ಒಬ್ಬನ ದಾರವನ್ನು ಅವನು ಬರುವ ಮೊದಲೇ ಬಿಚ್ಚಿದಳು. ಅವನು ಆಗ ನಡುಹೊಳೆಯಲ್ಲಿ ಹರಿಗೋಲಿನಲ್ಲಿದ್ದ. ಅಂಬಿಗ ನೋಡುತ್ತಾನೆ, ಹರಿಗೋಲು ಖಾಲಿ. ಖಾಲಿ ಇದೆಯೆಂದು ಸುಳಿಯ ಕಡೆಗೇ ತಿರುಗಿಸಿದ. ಆಮೇಲೆ ಏನಾಯಿತು ಅಂತ ಕೇಳಿದರೆ ಅಜ್ಜಿ, "ಅವನ ಬುತ್ತಿಗಂಟು ದಡಕ್ಕೆ ಬಂತು" ಅನ್ನುತ್ತಿದ್ದಳು, ಅಷ್ಟೇ. ಚಿಕ್ಕವಳಿದ್ದಾಗ ಆ ಬುತ್ತಿಗಂಟನ್ನು ನೆನೆದು ನಾನು ಎಷ್ಟು ದಿನ ಊಟ ಬಿಟ್ಟಿದ್ದೆನೋ.

ದ್ಯಾವಣ್ಣನಿಗೆ ಹೇಳಿದೆ. ಅವರು ಬಯ್ಯಲಿಲ್ಲ. ಪ್ಲಗ್ಗನ್ನೂ ತಮ್ಮ ಕೈಯನ್ನೂ ಒಂದು ಸಲ ನೋಡಿಕೊಂಡರು. "ತೊಳೆದದ್ದು ನಾನಲ್ಲವೇನವ್ವ" ಅಂದರು.

"ಗಂಟು ಹಾಕದೇ ಇದ್ದಿದ್ದು ನಾನು ದ್ಯಾವಣ್ಣ."

"ಸರಿ, ಆ ಜಗಳ ಆಮೇಲೆ ಆಡಾನ. ಮೊದಲು ಆಯಮ್ಮನಿಗೆ ಹೇಳು ನಡಿ."

ನಿಂಗಾಜಮ್ಮ ಭಟ್ಟಿಯ ಮುಂದೆ ಕೂತು, ಪಕ್ಕದಲ್ಲಿ ಫೋನು, ಇನ್ನೊಂದು ಪಕ್ಕದಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಪುರಿ ಹುರಿಯುತ್ತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. "ಯಾಕೆ ಮುಖ ಹಂಗೆ, ಹಸಿ ಅಕ್ಕಿ ಇದ್ದಂಗೆ ಐತೆ?" ಅಂದಳು. ನಾನು ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗದೆ ಮರಳನ್ನು ನೋಡುತ್ತಿದ್ದೆ. ಅವಳ ಕೈಯಲ್ಲಿದ್ದ ಜರಡಿ ನಿಂತಿತು. ಮರಳಿನಲ್ಲಿ ಪುರಿ ಕಪ್ಪಾಗುವ ವಾಸನೆ ಬಂತು.

"ಅಂದರೆ ಈಗ ಅವರು ಕೂಗಿದರೆ?"

"ಸಾಬಣ್ಣನಿಗೆ ಹೋಗುತ್ತೆ."

"ಆಯಪ್ಪ ಎತ್ತಿ, ಹೆಸರು ಇಳಿಸಿದಾರೆ ಅಂತಾನೆ."

ಊರಿನಲ್ಲಿ ಯಾರಾದರೂ ಹಾಗೇ ಅನ್ನುತ್ತಿದ್ದರು, ನಾನೂ ಸಹ.

ಸೂಲಗಿತ್ತಿಯ ಕಾಯಂ ಹೆಸರು ಕಮಲ. ಅವಳ ಫೋನಿನಿಂದ ಆಸ್ಪತ್ರೆಗೆ ಮಾಡಿ ನೋಡಿದೆವು. "ಕಮಲಾ ಅವರೇ, ಶಶಿ ಅವರ ವಿಷಯ ನಿಮಗೆ ಹೇಳೋ ಹಾಗಿಲ್ಲ. ನಾವೇ ಅವರಿಗೆ ಮಾಡ್ತೀವಿ" ಎಂದು ಇಟ್ಟರು. ಶಶಿಯ ಹೆಸರಿಗೆ ನಾವೇ ಇಲ್ಲಿಂದ ಕೂಗಿ ಸಾಬರಿಗೆ ಹೇಳೋಣವೆಂದರೆ, ನಮ್ಮ ಪೆಟ್ಟಿಗೆ ಒಳಗಿನ ಕರೆಯನ್ನು ಆಚೆಗೆ ಒಯ್ದು ಮತ್ತೆ ನಮ್ಮದೇ ಹೆಸರಿನ ಮೇಲೆ ತಿರುಗಿಸುವುದಿಲ್ಲ. ತನ್ನ ಬೆನ್ನನ್ನು ತಾನೇ ಕೆರೆದುಕೊಳ್ಳಲಾರದ ಎಮ್ಮೆಯ ಹಾಗೆ ಅದು.

"ಬಿಡಿಸಿಬಿಡಲಾ?" ಎಂದು ಕೇಳಿದೆ. ಕೇಳಿದ ನನಗೇ ನಾಚಿಕೆಯಾಯಿತು. ಅವಳ ಬಾಯಿಂದ ಹೂಂ ಅನ್ನಿಸಿ ನನ್ನ ತಪ್ಪನ್ನು ಅವಳ ತಲೆಗೆ ಕಟ್ಟುವ ಕೇಳಿಕೆ ಅದು.

ನಿಂಗಾಜಮ್ಮ ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಬೇಡ" ಅಂದಳು. "ನನ್ನ ಸ್ಟೌಗೆ ಮೂರು ಸಲ ಪಿನ್ನು ಹಾಕಿಕೊಟ್ಟವನೆ. ಅವನ ಮೇಲೆ ಲಾರಿ ಹತ್ತಿಸಿ ನಾನು ಕಿಡ್ನಿ ಹಾಕಿಸ್ಕೊಂಡರೆ, ಅದು ನನ್ನ ಹೊಟ್ಟೇಲಿ ನಿಲ್ತದೇನೆ?"

ಆಗ ನನಗೆ ಅಜ್ಜಿಯ ಕಥೆಯ ಬಾಲ ನೆನಪಾಯಿತು. ಬುತ್ತಿಗಂಟಿನ ಮಾತು ಆಡಿದ ಮೇಲೆ ಅಜ್ಜಿ ದೀಪದ ಬತ್ತಿ ಸರಿಮಾಡುತ್ತಾ ತನ್ನಷ್ಟಕ್ಕೆ ಅನ್ನುತ್ತಿದ್ದಳು, "ಪಕ್ಕದಾಗೆ ನಮ್ಮೂರೋರು ಒಬ್ರು ಕೂತಿದ್ದರೆ ಆಗಿತ್ತು." ಹೊರಗಡೆ ಹೆಸರಿಲ್ಲದವರನ್ನು ನಮ್ಮೂರಿನವರು ನೋಡಬಲ್ಲರು. ಕೈ ಹಿಡಿದು ಎಳೆಯಬಲ್ಲರು.

"ನಾನು ಹೋಗ್ತೀನಿ" ಅಂದೆ. "ಸಾಬಣ್ಣನ ಕೈ ಹಿಡಕೊಂಡು ಒಂದು ಮೂಲೇಲಿ ಕೂರಿಸ್ತೀನಿ. ಆಮೇಲೆ ದ್ಯಾವಣ್ಣ ಬಿಡಿಸಲಿ. ಓಡೋದು ಅವರ ಕಾಲಿಗೆ ಆಗಲ್ಲ."

ದ್ಯಾವಣ್ಣ ಬೆಚ್ಚಿದರು. ಹೆಸರು ಕಟ್ಟುವ ಕೈಗೆ ಹೊರಹೆಸರು ಇಲ್ಲ ಅನ್ನುವುದು ಬಾಗಿಲ ಮನೆಯ ನೇಮ. ಅಜ್ಜಿ ಸಾಯುವ ತನಕ ಗೋಡೆ ದಾಟಲಿಲ್ಲ. ನಾನೂ ದಾಟಿರಲಿಲ್ಲ. ಹೆಸರು ಬೇಕೆಂದರೂ ಇಪ್ಪತ್ತೆಂಟೂ ಸಂತೆಯಲ್ಲಿದ್ದವು. ಕಾಯಂ ಹೆಸರಿನವರಲ್ಲಿ ಸೂಲಗಿತ್ತಿಯೊಬ್ಬಳೇ ಊರಿನಲ್ಲಿದ್ದಳು, ಅವಳೂ ಹೆರಿಗೆ ಬಿಟ್ಟು ಏಳುವ ಹಾಗಿರಲಿಲ್ಲ. "ನಿನ್ನನ್ನ ಯಾರು ನೋಡ್ತಾರೆ ಆಚೆ?" ಅಂದರು ದ್ಯಾವಣ್ಣ. "ಸಾಬಣ್ಣ ನೋಡ್ತಾನೆ" ಎಂದಳು ನಿಂಗಾಜಮ್ಮ.

ಬಾಗಿಲ ಮನೆಯ ಕಿಟಕಿಯಿಂದ ಇಳಿಜಾರಿನ ಸಂತೆ ಪೂರ್ತಿ ಕಾಣುತ್ತದೆ. ಸಾಬರ ಕೊಡೆಯ ಕೆಂಪು ತೇಪೆ ಸಾಸಿವೆಯಷ್ಟು ಕಾಣುತ್ತಿತ್ತು. ಆ ಕೊಡೆ ಮಡಚಿದರೆ ಅದೇ ಗುರುತು ಎಂದು ಮಾತಾಯಿತು. ಕ್ಯಾಲೆಂಡರಿನ ಹಿಂದೆ ದಪ್ಪ ಅಕ್ಷರದಲ್ಲಿ ಮೂರು ಸಾಲು ಬರೆದು ದ್ಯಾವಣ್ಣನ ಎದುರು ತೂಗುಹಾಕಿದೆ. ಬಿಡಿಸು ಶಶಿ. ಕಟ್ಟು, ಒಳಗೆ ನಿಂಗಾಜಮ್ಮ, ಹೊರಗೆ ಶಶಿ. ಗಂಟು ಹಾಕು.

"ನಾನು ಇದನ್ನ ಮುಟ್ಟಿರೋದು ಕುಂಕುಮ ಇಡಾಕೆ, ನೀರು ಚಿಮುಕಿಸಾಕೆ" ಎಂದು ದ್ಯಾವಣ್ಣ ಒಂದು ಬೆರಳು ಚಾಚಿ ಅಕ್ಷರಗಳ ಮೇಲೆ ಗಾಳಿಯಲ್ಲಿ ಆಡಿಸಿದರು. "ಶ ಎಲ್ಲೈತವ್ವ?" ತೋರಿಸಿದೆ. "ಇನ್ನೊಂದು ಶ?" ಅದೇ ಶ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ಆ ಒರೆಸುವುದನ್ನು ನೋಡುತ್ತಾ ನಿಂತರೆ ನನ್ನ ಧೈರ್ಯ ಉಳಿಯುವುದಿಲ್ಲವೆಂದು ಹೊಸ್ತಿಲು ದಾಟಿದೆ.

ಏನೂ ಆಗಲಿಲ್ಲ. ಅದೇ ಮಣ್ಣು, ಅದೇ ಬಿಸಿಲು. ಹತ್ತು ಹೆಜ್ಜೆ ಇಟ್ಟ ಮೇಲೆ ಒಬ್ಬ ಸೈಕಲ್ಲಿನವನು ನೇರ ನನ್ನ ಮೇಲೆಯೇ ಬಂದ. ಪಕ್ಕಕ್ಕೆ ಹಾರಿದೆ, ಹ್ಯಾಂಡಲ್ಲು ಮೊಣಕೈ ತರಚಿತು. ಅವನು ಕಲ್ಲಿಗೆ ತಾಗಿತೆಂದುಕೊಂಡು ಚಕ್ರ ನೋಡಿಕೊಂಡು ಹೋದ. ಚಹಾದ ಅಂಗಡಿಯವಳು ಲೋಟ ತೊಳೆದ ನೀರನ್ನು ನನ್ನ ಸೀರೆಯ ಮೇಲೆಯೇ ಚೆಲ್ಲಿದಳು. ಒಂದು ನಾಯಿ ಮಾತ್ರ ನನ್ನನ್ನು ನೋಡಿ ಬಾಲ ಆಡಿಸಿ ಹಿಂದೆ ಬಂತು. ನಾಯಿಗಳಿಗೆ ಹೆಸರು ಬೇಡವೆಂದು ಕಾಣುತ್ತದೆ. ನಾನು ಓಡಿದೆ. ಓಡುತ್ತಾ ಸುಮ್ಮನೆ, ಗಟ್ಟಿಯಾಗಿ, ಸೇವಂತಿ, ಸೇವಂತಿ ಅನ್ನುತ್ತಿದ್ದೆ. ನನ್ನ ದನಿ ನನಗಾದರೂ ಕೇಳುತ್ತಿದೆಯೇ ಎಂದು ನೋಡಲಿಕ್ಕೆ. ಸಂತೆಯ ಒಳಗೆ ಯಾರೂ ದಾರಿ ಬಿಡಲಿಲ್ಲ. ಈರುಳ್ಳಿ ಮೂಟೆ ಹೊತ್ತವನು ಭುಜಕ್ಕೆ ಗುದ್ದಿದ, ಹೆಂಗಸರ ಬುಟ್ಟಿಗಳು ಪಕ್ಕೆಗೆ ತಿವಿದವು. ಫೋನು ಈಗಾಗಲೇ ಬಂದಿರಬಹುದು, ಆ ಮೂರನೇ ಮಾತು ಸಾಬರ ಬಾಯಿಂದ ಹೊರಬಿದ್ದಿರಬಹುದು ಅನ್ನುವುದೊಂದೇ ತಲೆಯಲ್ಲಿತ್ತು.

ಹಯಾತ್ ಸಾಬರು ಕೊಡೆಯ ಕೆಳಗೆ ಸೀಮೆಎಣ್ಣೆ ಸ್ಟೌ ಹೊತ್ತಿಸಿಕೊಂಡು, ಅದರ ಮೇಲೆ ಯಾರದೋ ಕುಕ್ಕರು ಇಟ್ಟುಕೊಂಡು ಕೂತಿದ್ದರು. ಎದುರಿಗೆ ಕುಕ್ಕರಿನ ಒಡತಿ, ಮೂಗುತಿಯ ಹೆಂಗಸು, ಕುಕ್ಕರುಗಾಲಿನಲ್ಲಿ ಕಾಯುತ್ತಿದ್ದಳು. ಸಾಬರು ತಲೆ ಎತ್ತಿದರು, ನನ್ನನ್ನು ನೋಡಿದರು. ಯಾರೋ ನನ್ನನ್ನು ನೋಡಿದರು ಅನ್ನುವುದಕ್ಕೇ ನನಗೆ ಅಳು ಬಂತು.

"ಬಾಗಿಲ ಮನೆ ಹುಡುಗಿ ಅಲ್ವಾ? ಹೆಸರಿಲ್ದೆ ಯಾಕಮ್ಮ ಬಂದೆ ಆಚೆ?"

"ಯಾರ ಕೂಡ ಮಾತಾಡ್ತಿದೀಯ ಶಶಿಯಣ್ಣ?" ಎಂದಳು ಮೂಗುತಿಯವಳು.

"ಸಾಬಣ್ಣ, ಫೋನು ಬಂತಾ?"

"ಒಂದು ಬಂತು." ಅವರು ಇಕ್ಕಳ ಕೆಳಗಿಟ್ಟರು. "ಯಾರೋ ಹೆಂಗಸು. ಶಶಿ ಇದಾರಾ ಅಂದಳು. ಹೆಸರು ಇಳಿಸಿದಾರೆ ಅಂದೆ."

ನಾನು ನೆಲದ ಮೇಲೆ ಕೂತುಬಿಟ್ಟೆ.

"ಅಂದೆ, ಆದರೆ ಅವಳಿಗೆ ಕೇಳಲಿಲ್ಲ. ಅದೇ ಟೈಮಿಗೆ ಈ ಕುಕ್ಕರು ಕೂಗ್ತು, ಪರೀಕ್ಷೆಗೆ ಇಟ್ಟಿದ್ದೆ. ಏನಂದ್ರಿ, ಏನಂದ್ರಿ ಅಂತ ಅವಳು, ಕೂಯ್ಯೋ ಅಂತ ಇದು. ಗಲಾಟೆ ಇದೆ, ಕಾಲು ಗಂಟೆ ಬಿಟ್ಟು ಮಾಡ್ತೀನಿ, ಅದೇ ಕೊನೆ ಸಲ ಅಂದು ಇಟ್ಟಳು. ಯಾಕೆ ತಂಗಿ, ಯಾರದು ಅದು?"

ಹೇಳಿದೆ. ನಿಂಗಾಜಮ್ಮನ ಹೆಸರು ಕೇಳಿದೊಡನೆ ಅವರ ಮುಖ ಇಳಿಯಿತು. "ನಾನೇ ಎತ್ತಿ ಹೂಂ ಅಂದರೆ ಆಗಲ್ವಾ?"

"ಅವಳ ದನಿಯೇ ಬೇಕು. ಹುಟ್ಟಿದ ತಾರೀಕು ಕೇಳ್ತಾರಂತೆ. ನೀವು ಹೆಸರು ಇಳಿಸಬೇಕು ಸಾಬಣ್ಣ. ಇಲ್ಲೇ. ನಾನು ಪಕ್ಕದಲ್ಲಿ ಇರ್ತೀನಿ."

ಅವರು ದಾರಿಯ ಕಡೆ ನೋಡಿದರು. ಒಂದು ಲಾರಿ ಹಿಂದೆ ಹಿಂದೆ ಬರುತ್ತಿತ್ತು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡರು. "ಫೋನು ಬಂದು ಎಷ್ಟು ಹೊತ್ತಾಯ್ತು?" ಎಂದು ತಮ್ಮನ್ನೇ ಕೇಳಿಕೊಂಡು, "ಹತ್ತು ನಿಮಿಷ ಆಗಿರಬೇಕು" ಎಂದು ತಾವೇ ಹೇಳಿದರು. ಹಾಗೆ ಹೇಳಿದವರು ಏಳಲಿಲ್ಲ. ಕುಕ್ಕರನ್ನು ಇಳಿಸಿ, ಮುಚ್ಚಳ ತೆಗೆದು, ಹಿಡಿಯ ತಿರುಪನ್ನು ಬಿಗಿ ಮಾಡತೊಡಗಿದರು.

"ಸಾಬಣ್ಣ!"

"ಇರಮ್ಮ. ಹಿಡಿ ಸಡಿಲ ಇದ್ದರೆ ಬಿಸಿ ಗಂಜಿ ಈ ತಾಯಿ ಮೈ ಮೇಲೆ ಬೀಳ್ತದೆ. ನಾನು ಮಾಯ ಆದಮೇಲೆ ಇವಳು ಯಾರನ್ನ ಕೇಳಬೇಕು?"

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ತಿರುಪು ಒಂದು ಸುತ್ತು, ಎರಡು ಸುತ್ತು. ಕೆಳಗೆ ಬಿತ್ತು. ನಾಯಿ ಅದನ್ನು ಮೂಸಿತು. ನಾನು ಮಣ್ಣಿನಲ್ಲಿ ಹುಡುಕಿ ಎತ್ತಿಕೊಟ್ಟೆ; ಮೂಗುತಿಯವಳ ಕಣ್ಣಿಗೆ ತಿರುಪು ತಾನಾಗಿ ಎದ್ದುಬಂದಂತೆ ಕಂಡಿರಬೇಕು, ಅವಳು ಎದೆ ಮುಟ್ಟಿಕೊಂಡಳು. ಕಡೆಗೆ ಸಾಬರು ಕುಕ್ಕರನ್ನು ಒರೆಸಿ ಅವಳ ಕೈಗೆ ಕೊಟ್ಟು, "ಹೋಗಿ ಬಾ ತಾಯಿ, ಇನ್ನು ತೊಂದರೆ ಕೊಡಲ್ಲ" ಅಂದರು. ಸ್ಟೌ ಆರಿಸಿದರು. ಪಕ್ಕದ ಬೀಡಾ ಅಂಗಡಿಯ ಕಟ್ಟೆಯ ಮೂಲೆಗೆ ಸರಿದು, ಗೋಡೆಗೆ ಒರಗಿ, ಎಡಗೈಯನ್ನು ನನಗೆ ಕೊಟ್ಟು ಬಲಗೈಯಿಂದ ಕೊಡೆ ಮಡಚಿದರು. ಅವರ ಅಂಗೈ ಎಣ್ಣೆಗೆ ಜಾರುತ್ತಿತ್ತು. ನಾನು ಎರಡೂ ಕೈಯಿಂದ ಹಿಡಿದುಕೊಂಡೆ.

ಏನೂ ಆಗಲಿಲ್ಲ. ಮೂಗುತಿಯವಳು ಇನ್ನೂ ಅಲ್ಲೇ ನಿಂತು, "ಇಷ್ಟು ಬೇಗ ಎತ್ತಿಬಿಟ್ಯಾ ಅಂಗಡಿ?" ಎಂದು ಸಾಬರನ್ನೇ ನೋಡಿ ಕೇಳುತ್ತಿದ್ದಳು. ದ್ಯಾವಣ್ಣ ಕಿಟಕಿಯಲ್ಲಿ ಇಲ್ಲವೇನೋ. ಇದ್ದರೂ ಕನ್ನಡಕಕ್ಕೆ ಇಷ್ಟು ದೂರ ಕಾಣಲಿಲ್ಲವೇನೋ. ಇಲ್ಲ, ಶ ಹುಡುಕುತ್ತಿರಬಹುದು.

ಸಾಬರ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಅವರು ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಇಬ್ಬರೂ ಅದನ್ನು ನೋಡುತ್ತಾ ಕೂತೆವು. ಒಂದು ಸಲ ಬಡಿಯಿತು. ಎರಡು. "ಎತ್ತಲಾ?" ಅಂದರು. ನಾನು ತಲೆ ಅಲ್ಲಾಡಿಸಿದೆ, ಹೌದೆಂದೋ ಬೇಡವೆಂದೋ ನನಗೇ ಗೊತ್ತಿಲ್ಲ. ಮೂ ಅನ್ನುವುದರೊಳಗೆ ಸದ್ದು ಅರ್ಧಕ್ಕೆ ತುಂಡಾಯಿತು. ಫೋನಿನ ಬೆಳಕು ಆರಿತು. ಮೂಗುತಿಯವಳು ಕಣ್ಣು ಉಜ್ಜಿಕೊಂಡು, ಅತ್ತ ಇತ್ತ ನೋಡಿ, "ಎಲ್ಲೋದ ಈಯಪ್ಪ, ಈಗ ಇಲ್ಲೇ ಇದ್ದ" ಎಂದಳು. ಒಂದು ಕೈಗಾಡಿ ಸಾಬರ ಸ್ಟೌವನ್ನು ಉರುಳಿಸಿಕೊಂಡು ಹೋಯಿತು.

ಸಾಬರ ಹೆಸರು ಕಳಚಿತ್ತು. ಅಷ್ಟು ಮಾತ್ರ ನಿಜ. ಆ ಕರೆ ನಿಂಗಾಜಮ್ಮನ ಮನೆಗೆ ಹೋಯಿತೋ, ಅಥವಾ ದ್ಯಾವಣ್ಣ ಮೊದಲನೇ ಸಾಲು ಒತ್ತಿ ಎರಡನೇದಕ್ಕೆ ತಡಕಾಡುತ್ತಿದ್ದರೋ, ಕರೆ ಗೋಡೆಗೆ ಬಡಿದು ಬಿತ್ತೋ, ತಿಳಿಯುವ ದಾರಿ ಇರಲಿಲ್ಲ. ಸ್ಟೌವನ್ನೂ ಕೊಡೆಯನ್ನೂ ನಾನು ಹೊತ್ತೆ. ಸಾಬರ ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ. ಸಂತೆಯ ಅಂಚು ಹಿಡಿದು ಗುಡ್ಡ ಹತ್ತತೊಡಗಿದೆವು. ಹಿಂದಿನಿಂದ ಗಾಡಿಯ ಸದ್ದು ಬಂದಾಗಲೆಲ್ಲ ಇಬ್ಬರೂ ಬೇಲಿಗೆ ಅಂಟಿಕೊಳ್ಳುತ್ತಿದ್ದೆವು.

"ಹೊಗೆ ನೋಡು ತಂಗಿ" ಎಂದರು ಸಾಬರು ಒಂದು ಕಡೆ ನಿಂತು. ಗೋಡೆಯ ಆಚೆ ಭಟ್ಟಿಯ ಹೊಗೆ ಎಂದಿನಂತೆ ನೇರ ಏಳುತ್ತಿತ್ತು. ಭಟ್ಟಿ ಉರಿಯುತ್ತಿದೆ ಅಂದರೆ ಅವಳು ಇನ್ನೂ ಅಲ್ಲೇ ಕೂತಿದ್ದಾಳೆ. ಕರೆ ಬಂದಿಲ್ಲ. ಏನು ಮುಖ ಹೊತ್ತು ಆ ಬೀದಿಗೆ ಹೋಗಲಿ ಎಂದು ನಿಂತೆ. ಹಾಗೇ ನೋಡುತ್ತಿರುವಾಗ ಹೊಗೆ ಒಮ್ಮೆಲೇ ಬೆಳ್ಳಗೆ ಉಬ್ಬಿತು, ನೀರು ಸುರಿದ ಬೆಂಕಿಯ ಹೊಗೆ. ಆಮೇಲೆ ಎಳೆ ಎಳೆಯಾಯಿತು. ಆಮೇಲೆ ಬರೀ ಆಕಾಶ.

ಊರಬಾಗಿಲಿನಿಂದ ಮೂರು ಗಂಟೆಯ ಬಸ್ಸು ಹೊರಟು ಇಳಿಜಾರಿನಲ್ಲಿ ಬಂತು. ನಮಗಾಗಿ ಅದು ನಿಧಾನವಾಗಲಿಲ್ಲ, ಹಾರ್ನೂ ಮಾಡಲಿಲ್ಲ. ಬೇಲಿಯ ಮುಳ್ಳಿಗೆ ಬೆನ್ನು ಕೊಟ್ಟು ನಿಂತೆವು. ನಾಲ್ಕನೇ ಕಿಟಕಿಯಲ್ಲಿ ನಿಂಗಾಜಮ್ಮ ಇದ್ದಳು, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು. ನಮ್ಮನ್ನು ನೋಡಿದಳು. "ನಿಲ್ಸಿ, ನಿಲ್ಸಿ, ನಮ್ಮೋರು ಅವ್ರೆ" ಎಂದು ಕೂಗಿದಳು. ಕಂಡಕ್ಟರು ಬಾಗಿ ಹೊರಗೆ ನೋಡಿ, "ಯಾರಿದಾರೆ ಶಶಿಯಮ್ಮ, ಬರೀ ಬೇಲಿ ಅಲ್ವಾ" ಅಂದದ್ದು ನನಗೆ ಕೇಳಿಸಿತು. ಬಸ್ಸು ದಾಟಿಯೇ ಹೋಯಿತು. ಅವಳು ಚೀಲಕ್ಕೆ ಕೈ ಹಾಕಿ, ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ, ಹಿಡಿ ಹಿಡಿಯಾಗಿ ಪುರಿಯನ್ನು ನಮ್ಮ ಕಡೆಗೆ ಎರಚಿದಳು. ಅರ್ಧ ಗಾಳಿಗೆ ಹೋಯಿತು, ಅರ್ಧ ಸಾಬರ ಟೋಪಿಯ ಮೇಲೆ ಬಿತ್ತು. "ತಾನು ತಿನ್ನೋ ಹಾಗಿಲ್ಲ, ನಮಗೆ ಹಾಕ್ತಾಳೆ" ಎಂದು ಸಾಬರು ಗಡ್ಡದಲ್ಲಿ ಸಿಕ್ಕಿದ್ದನ್ನು ಆರಿಸಿ ಬಾಯಿಗೆ ಹಾಕಿಕೊಂಡರು. ನಾನೂ ಸೀರೆಯ ನೆರಿಗೆಯಲ್ಲಿ ಸಿಕ್ಕಿದ್ದನ್ನು ತಿಂದೆ. ಸ್ವಲ್ಪ ಸೀದಿತ್ತು.

ಹೊಸ್ತಿಲು ದಾಟಿದಾಗ ದ್ಯಾವಣ್ಣ ಎದ್ದು ಬರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಬೆನ್ನನ್ನು ಗೋಡೆಯ ಪ್ಲಗ್ಗಿಗೆ ಒತ್ತಿ ಹಿಡಿದಿದ್ದರು. ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ಎರಡು ಸಾಲು ಒತ್ತಿದೆ" ಅಂದರು. "ಆಯಮ್ಮ ಎತ್ತಿದಳು, ಕೇಳಿಸ್ತು. ಮೂರನೇದು ಒತ್ತಿಲ್ಲ."

"ಯಾಕೆ ದ್ಯಾವಣ್ಣ? ಕರೆಂಟು ಹೋಗಿದ್ದರೆ?"

"ಅದಕ್ಕೇ ಯಾರೂ ಮುಟ್ಟದಂಗೆ ಹಿಂಗೆ ಕೂತಿವ್ನಿ. ಕರೆಂಟು ಹೋಗಬೇಡ ಅಂತ ಅದಕ್ಕೂ ಹೇಳಿವ್ನಿ." ಅವರು ನನ್ನನ್ನು ನೋಡಲಿಲ್ಲ. "ನೀನು ಬಿಟ್ಟ ಗಂಟು ಅದು. ನಿನ್ನ ಕೈಲೇ ಬೀಳಲಿ ಅಂತ."

ಪರದೆಯ ಮೇಲೆ ಒಳಗೆ ನಿಂಗಾಜಮ್ಮ, ಹೊರಗೆ ಶಶಿ ಎಂದಿತ್ತು. ಹೋದ ವಾರವೂ ಹೀಗೆಯೇ ಇತ್ತು, ಒಂದು ಚುಕ್ಕೆಯ ವ್ಯತ್ಯಾಸವಿಲ್ಲ. ನಾನು ಸಾಲನ್ನು ಬರೆದೆ, ಅಕ್ಷರ ಅಕ್ಷರ ಬಾಯಿಬಿಟ್ಟು ಓದಿದೆ. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ. ಸೀದ ಪುರಿಯ ರುಚಿ ಇನ್ನೂ ಇತ್ತು. ಒತ್ತಿದೆ.

ಪೆಟ್ಟಿಗೆ ಸ್ವಲ್ಪ ಹೊತ್ತು ಯೋಚಿಸಿತು. ಗಂಟು ಬಿತ್ತು ಎಂದು ಬರೆಯಿತು. ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ದ್ಯಾವಣ್ಣ ಇನ್ನೊಮ್ಮೆ ಓದಿಸಿದರು. ಆಮೇಲೆ ನೆಲಕ್ಕೆ ಕೈ ಊರಿ, ಮೆಲ್ಲಗೆ, ಗೋಡೆಯಿಂದ ಬೆನ್ನು ತೆಗೆದರು.